ಪಂಪ್ ಹೋಗಿದೆ ಎನ್ನುವ ಮೊದಲು

ಕೊಡಗಿನಲ್ಲಿ ಹಳೆಯ ಗಾಡಿಗಳಿಗೆ ಇನ್ನೂ ಕೈತುಂಬ ಕೆಲಸವಿದೆ. ಹಳೆಯ ಮಹೀಂದ್ರ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, 2000ದಲ್ಲಿ ಬಂದ ಬೊಲೆರೊ, 2002ರ ಸ್ಕಾರ್ಪಿಯೊ ಇವೆಲ್ಲ ತೋಟಕ್ಕೆ ಗೊಬ್ಬರ ಹೊರುತ್ತವೆ, ಮಾಂದಲ್‌ಪಟ್ಟಿಯಂಥ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುತ್ತವೆ, ಬಸ್ಸಿಲ್ಲದ ಊರುಗಳಿಂದ ರೋಗಿಗಳನ್ನು ಮಡಿಕೇರಿಗೋ ವಿರಾಜಪೇಟೆಗೋ ತಲುಪಿಸುತ್ತವೆ. ಇಂಥ ಗಾಡಿ ಸಂಪಾಜೆ ಘಾಟಿಯ ಏರಿನಲ್ಲಿ ಮಿಸ್ಸಿಂಗ್ ಹೊಡೆದು ನಿಂತಿತೆಂದರೆ ಮೊದಲು ಕೇಳಿಬರುವ ಮಾತು ‘ಫ್ಯೂಯೆಲ್ ಪಂಪ್ ಹೋಗಿದೆ’. ಕೂಡಲೇ ಹೊಸ ಪಂಪ್ ತರಿಸಿ ಹಾಕುವುದೂ ಉಂಟು. ನನ್ನ ವಾದ ಇಷ್ಟೇ: ಪರೀಕ್ಷೆ ಮಾಡದೆ ಪಂಪ್ ಬದಲಿಸಬಾರದು. ಪಂಪ್ ನಿಜಕ್ಕೂ ಕೆಟ್ಟಿದ್ದರೆ, ಅದು ಕೆಟ್ಟಿದ್ದು ಯಾಕೆ ಎಂದು ತಿಳಿಯದೆ ಹೊಸದನ್ನು ಹಾಕಬಾರದು.

ಪಂಪ್ ಕೆಟ್ಟಾಗ ಕಾಣುವ ಲಕ್ಷಣಗಳು ಪಂಪಿನದ್ದೇ ಆಗಿರಬೇಕಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿ ಓಡುವ ಗಾಡಿ ಏರಿನಲ್ಲಿ ಎಳೆಯುವುದಿಲ್ಲ ಎಂದರೆ, ಎಂಜಿನ್ ಹೆಚ್ಚು ಇಂಧನ ಕೇಳಿದಾಗ ಅಷ್ಟು ಸಿಗುತ್ತಿಲ್ಲ ಎಂದರ್ಥ. ಸವೆದ ಪಂಪಿನಿಂದ ಹಾಗಾಗಬಹುದು. ಕಸ ಕಟ್ಟಿದ ಫಿಲ್ಟರ್, ಒಳಗೇ ಬಿರಿದ ರಬ್ಬರ್ ನಳಿ, ಗಾಳಿಕಿಂಡಿ ಮುಚ್ಚಿಹೋದ ಟ್ಯಾಂಕ್ ಮುಚ್ಚಳ, ತುಕ್ಕು ಹಿಡಿದ ಅರ್ಥಿಂಗ್ ವೈರ್ ಇವುಗಳಿಂದಲೂ ಹಾಗೆಯೇ ಆಗಬಹುದು. ಸೀಟಿನಲ್ಲಿ ಕುಳಿತವರಿಗೆ ಇವುಗಳ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೇ ಅಳತೆ ಬೇಕು.

ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿಯಂಥ ಪೆಟ್ರೋಲ್ ಗಾಡಿಯಲ್ಲಿ ವಿದ್ಯುತ್ ಪಂಪ್ ಟ್ಯಾಂಕಿನೊಳಗೇ ಇರುತ್ತದೆ. ಚಾವಿ ಆನ್ ಮಾಡಿದಾಗ ಹಿಂದಿನಿಂದ ಎರಡು ಮೂರು ಸೆಕೆಂಡ್ ಗುಂಯ್‌ಗುಡುವ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್ ನೋಡಿ, ಅದೇ ನಮೂನೆಯ ಇನ್ನೊಂದು ರಿಲೇ ಹಾಕಿ ನೋಡಬೇಕು. ಆಮೇಲೆ ಪಂಪ್ ಚಾಲೂ ಇರುವಾಗಲೇ ಅದರ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಹಿಡಿಯಬೇಕು. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇದ್ದು ಪಂಪಿನ ಹತ್ತಿರ ಹತ್ತೂವರೆಯಷ್ಟೇ ಸಿಕ್ಕರೆ ತಪ್ಪು ವೈರಿನದ್ದು, ಪಂಪಿನದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮತ್ತು ಕೆಸರಿನಲ್ಲಿ ಓಡುವ ಗಾಡಿಯ ಅಡಿಭಾಗದ ಕನೆಕ್ಟರುಗಳು ಹಸಿರುಗಟ್ಟುವುದರಲ್ಲಿ ಆಶ್ಚರ್ಯವಿಲ್ಲ. ವೋಲ್ಟೇಜ್ ಪೂರ್ತಿ ಇದ್ದರೆ ಪ್ರೆಶರ್ ಗೇಜ್ ಜೋಡಿಸಬೇಕು. ಇಂಥ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಬಾರ್ ಒತ್ತಡ ಬೇಕು. ನಿಖರ ಅಂಕಿ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ವೋಲ್ಟೇಜ್ ಸರಿಯಿದ್ದು, ಹೊಸ ಫಿಲ್ಟರ್ ಹಾಕಿ, ಒತ್ತಡದ ರೆಗ್ಯುಲೇಟರನ್ನೂ ಪರೀಕ್ಷಿಸಿದ ಮೇಲೂ ಒತ್ತಡ ಏರದಿದ್ದರೆ, ಆಗ ಪಂಪ್ ಹೋಗಿದೆ ಎನ್ನಬಹುದು.

ಹಳೆಯ ಡೀಸೆಲ್ ಜೀಪಿನ ಕಥೆ ಬೇರೆ. ಅಲ್ಲಿ ಎಂಜಿನ್ ಬಲದಿಂದಲೇ ನಡೆಯುವ ಫೀಡ್ ಪಂಪ್ ಟ್ಯಾಂಕಿನಿಂದ ಡೀಸೆಲ್ ಎಳೆದು ಇಂಜೆಕ್ಷನ್ ಪಂಪಿಗೆ ಕೊಡುತ್ತದೆ. ಇಲ್ಲಿ ಪಂಪಿನ ಹೆಸರು ಕೆಡಿಸುವುದು ಹೆಚ್ಚಾಗಿ ಗಾಳಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ನಳಿಯಲ್ಲಿ ಎಳೆತ ಇರುವುದರಿಂದ, ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಏಳುವುದಿಲ್ಲ. ಆ ಜಾಗದಲ್ಲಿ ತಾತ್ಕಾಲಿಕವಾಗಿ ಪಾರದರ್ಶಕ ನಳಿ ಹಾಕಿ ನೋಡಿದರೆ ಗುಳ್ಳೆಗಳು ಕಣ್ಣಿಗೇ ಬೀಳುತ್ತವೆ. ಏರ್ ತೆಗೆಯುವ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದಾಗ ಮೊದಲು ಬರುವ ನೊರೆ ನಿಂತು ತಿಳಿ ಡೀಸೆಲ್ ಬರಬೇಕು. ಎಷ್ಟು ಒತ್ತಿದರೂ ನೊರೆಯೇ ಬಂದರೆ ನಳಿಯನ್ನೂ ವಾಷರನ್ನೂ ಹುಡುಕಬೇಕು. ಇಂಜೆಕ್ಷನ್ ಪಂಪಿನ ಮೇಲೆಯೇ ಅನುಮಾನ ಬಂದರೆ ದಾರಿಬದಿಯಲ್ಲಿ ಬಿಚ್ಚಬಾರದು. 1951ರಲ್ಲಿ ಆರಂಭವಾದ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಮನೆಮಾತಾದ ಮೈಕೋ ಕಂಪನಿ ತಯಾರಿಸಿದ ಈ ಬಗೆಯ ಪಂಪುಗಳ ಬಿಡಿಭಾಗಗಳು ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಕೂಡುತ್ತವೆ. ಅವುಗಳನ್ನು ಟೆಸ್ಟ್ ಬೆಂಚ್ ಇರುವ ಅಂಗಡಿಯಲ್ಲಿಯೇ ಸರಿಪಡಿಸಬೇಕು. ಈಚಿನ ಕಾಮನ್ ರೇಲ್ ಡೀಸೆಲ್ ಎಂಜಿನ್ನಿನ ನಳಿಗಳನ್ನಂತೂ ಎಂಜಿನ್ ಓಡುವಾಗ ಮುಟ್ಟಲೇಬಾರದು. ಅವುಗಳೊಳಗಿನ ಸಾವಿರ ಬಾರ್ ಮೀರುವ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಇಳಿಯುತ್ತದೆ.

ಇನ್ನು ಪಂಪ್ ಯಾಕೆ ಕೆಡುತ್ತದೆ ಎಂಬ ಪ್ರಶ್ನೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಸದಾ ರಿಸರ್ವಿನಲ್ಲಿ ಓಡಿಸಿದರೆ ಕಡಿದಾದ ಏರಿನಲ್ಲಿ ಪೆಟ್ರೋಲ್ ಒಂದು ಮಗ್ಗುಲಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಅರೆ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿಯ ಚಳಿಗೆ ನೀರಾಗಿ ತಳ ಸೇರುತ್ತದೆ, ತುಕ್ಕು ಹುಟ್ಟಿಸುತ್ತದೆ. ತೋಟದಲ್ಲಿ ಕ್ಯಾನಿನಲ್ಲಿಟ್ಟ ಡೀಸೆಲನ್ನು ಸೋಸದೆ ಸುರಿದರೆ ಕಸವೂ ನೀರೂ ಜೊತೆಗೇ ಹೋಗುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಬೆರೆಯುವ ಎಥೆನಾಲ್ ನೀರನ್ನು ಹೀರುವ ಗುಣದ್ದು. ಅದಕ್ಕೆಂದು ತಯಾರಾಗದ ಹಳೆಯ ರಬ್ಬರ್ ನಳಿಗಳನ್ನು ಅದು ಮೆತ್ತಗಾಗಿಸಬಹುದು. ಈ ಕಾರಣಗಳನ್ನು ಹಾಗೇ ಬಿಟ್ಟರೆ ಹೊಸ ಪಂಪಿಗೂ ಅದೇ ಗತಿ.

ಆದ್ದರಿಂದ ಟ್ಯಾಂಕಿನೊಳಗಿನ ಪಂಪ್ ಬದಲಿಸುವುದೆಂದರೆ ಪಂಪ್ ಒಂದನ್ನೇ ಬದಲಿಸುವುದಲ್ಲ. ಗಾಳಿಯಾಡುವ ಜಾಗದಲ್ಲಿ, ಬೆಂಕಿ ಕಿಡಿಯಿಂದ ದೂರ, ಅಗ್ನಿಶಾಮಕ ಸಿಲಿಂಡರ್ ಹತ್ತಿರವಿಟ್ಟುಕೊಂಡು, ನಳಿಯ ಒತ್ತಡ ಇಳಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೆಯೇ ಕೆಲಸ ಶುರುವಾಗಬೇಕು. ಟ್ಯಾಂಕ್ ಇಳಿಸಿದ ಮೇಲೆ ತಳದ ಕೆಸರು ತೊಳೆಯಬೇಕು. ಪಂಪಿನ ಬಾಯಿಗಿರುವ ಜಾಲರಿ, ಮುಚ್ಚಳದ ರಬ್ಬರ್ ರಿಂಗ್, ಹೊರಗಿನ ಫಿಲ್ಟರ್ ಮೂರೂ ಹೊಸದಾಗಬೇಕು. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ ನಳಿಯನ್ನೇ ಹಾಕಬೇಕು. ಸಾಮಾನ್ಯ ನಳಿ ಅಲ್ಲಿ ಬಾಳುವುದಿಲ್ಲ.

ಕಾಫಿ ಕೊಯ್ಲಿನ ಹೊತ್ತಿನಲ್ಲಿ ಪರೀಕ್ಷೆಗೆಲ್ಲ ಪುರುಸೊತ್ತೆಲ್ಲಿ ಎಂದು ಕೇಳಬಹುದು. ಮೀಟರ್ ಮತ್ತು ಗೇಜ್ ಹಿಡಿಯುವ ಹೊತ್ತು ಟ್ಯಾಂಕ್ ಇಳಿಸಿ ಏರಿಸುವ ಹೊತ್ತಿಗಿಂತ ಬಹಳ ಕಡಿಮೆ. ತಪ್ಪು ಭಾಗ ಬದಲಿಸಿ ಮರುದಿನ ಮತ್ತೆ ಗ್ಯಾರೇಜಿಗೆ ಎಳೆಸುವುದೇ ನಿಜವಾದ ಕಾಲಹರಣ. ಅನುಭವಿ ಮೆಕ್ಯಾನಿಕ್ ಕಿವಿಯಲ್ಲೇ ಹೇಳುತ್ತಾರೆ ಎಂಬುದು ಇನ್ನೊಂದು ಮಾತು. ಆ ಅನುಭವಕ್ಕೆ ಗೌರವ ಸಲ್ಲಲೇಬೇಕು. ಆದರೆ ಪಂಪ್ ತಿರುಗುತ್ತಿದೆ ಎಂದು ಕಿವಿ ಹೇಳಬಲ್ಲದೇ ಹೊರತು ಎಷ್ಟು ಒತ್ತಡ ಕೊಡುತ್ತಿದೆ ಎಂದು ಹೇಳಲಾರದು. ಹದಿನೈದು ವರ್ಷ ದಾಟಿ ಮರುನೋಂದಣಿಗೆ ಬಂದ ಗಾಡಿಗೆ ಇಷ್ಟೆಲ್ಲ ಯಾಕೆ ಎನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಚಾಸಿಯೇ ತುಕ್ಕು ತಿಂದಿದ್ದರೆ, ವೈರಿಂಗ್ ಪೂರ್ತಿ ಹಾಳಾಗಿದ್ದರೆ ಒಂದು ಪಂಪಿನಿಂದ ಗಾಡಿ ಉಳಿಯುವುದಿಲ್ಲ. ಆ ಲೆಕ್ಕವನ್ನೂ ಪರೀಕ್ಷೆಯೇ ಕೊಡಬೇಕು. ಚಾಸಿ ಗಟ್ಟಿಯಿದ್ದರೆ, ಸರಿಯಾಗಿ ಪತ್ತೆಹಚ್ಚಿ ಮಾಡಿದ ರಿಪೇರಿ ಹೊಸ ಗಾಡಿಯ ಸಾಲಕ್ಕಿಂತ ಎಷ್ಟೋ ಮೇಲು.

ಗಾಡಿಯ ಒಡೆಯರಲ್ಲಿ ನನ್ನ ಕೋರಿಕೆ ಇದು. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ, ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಿ, ಡೀಸೆಲ್ ಫಿಲ್ಟರಿನ ತಳದ ನೀರು ಬಸಿಯುತ್ತಿರಿ. ಗ್ಯಾರೇಜಿನಲ್ಲಿ ಪೆಟ್ರೋಲ್ ಗಾಡಿಯ ಪಂಪ್ ಹೋಗಿದೆ ಎಂದಾಗ ವೋಲ್ಟ್ ಎಷ್ಟಿತ್ತು, ಒತ್ತಡ ಎಷ್ಟಿತ್ತು ಎಂದು ಕೇಳಿ. ಆ ಎರಡು ಅಂಕಿ ಸಿಕ್ಕ ಮೇಲೆಯೇ ಹೊಸ ಪಂಪಿಗೆ ದುಡ್ಡು ಕೊಡಿ.