ಮೇಷ್ಟ್ರುಗಳು ಮಾತಾಡಿಕೊಂಡಾಗ

ನಮ್ಮ ಸಂಘದವರು ಭಾನುವಾರ ಬೆಳಿಗ್ಗೆ ನಡೆಸುವ ಕನ್ನಡ ತರಗತಿಯ ವಿಷಯ ನಿಮಗೆಲ್ಲ ಗೊತ್ತೇ ಇದೆ. ಚೆನ್ನೈಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮನೆಗಳ ಮಕ್ಕಳಿಗೆ ಕಾಲೇಜಿನ ನಾವು ಮೂವರು ಪಾಠ ಹೇಳುತ್ತೇವೆ. ಹೋದ ಜೂನಿನಲ್ಲಿ ನನ್ನ ಪಾಲಿಗೆ ಹದಿನಾಲ್ಕು ಮಕ್ಕಳು ಬಂದವು. ನಾನೂ ಬಲು ಉತ್ಸಾಹದಿಂದ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದೆ. "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಅಂತ ರಾಗವಾಗಿ ಒಪ್ಪಿಸುತ್ತಿದ್ದವು. ಒಂದು ದಿನ ಒಬ್ಬ ಹುಡುಗನ ತಾಯಿ ಬಂದು, "ಏನಪ್ಪಾ, ಮೈಸೂರಿಂದ ಅವರಜ್ಜಿ ಫೋನ್ ಮಾಡಿದ್ರು. ಊಟ ಆಯ್ತೇನೋ ಅಂತ ಕೇಳಿದ್ದಕ್ಕೆ ಇವನು ಫೋನನ್ನ ನನ್ನ ಕೈಗೆ ತುರುಕಿ ಓಡಿಹೋದ" ಅಂದರು. ದೀಪಾವಳಿ ಕಳೆಯುವಷ್ಟರಲ್ಲಿ ನನ್ನ ತರಗತಿಯಲ್ಲಿ ಉಳಿದದ್ದು ಐದು ಮಕ್ಕಳು.

ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಗೆಳತಿಯ ತರಗತಿಯಿಂದ ಮಾತ್ರ ವಾರವಾರವೂ ಗದ್ದಲ, ನಗು. ಅಲ್ಲೇನು ನಡೆಯುತ್ತಿದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಇಡೀ ವರ್ಷ ಒಂದೇ ಜಗಲಿಯಲ್ಲಿ ಚಪ್ಪಲಿ ಬಿಟ್ಟ ನಾವು ಮೂವರು ಆಡಿದ ಮಾತೆಲ್ಲ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ, ಚಾಕ್‌ಪೀಸ್ ತಂದವರು ಯಾರು ಎನ್ನುವಷ್ಟೇ. ಪಾಠದ ಬಗ್ಗೆ ಒಂದು ಮಾತಿಲ್ಲ.

ಈ ನಾಚಿಕೆಯಲ್ಲಿ ಲೈಬ್ರರಿಯಲ್ಲಿ ತಡಕಾಡುತ್ತಿದ್ದಾಗ ಎನ್. ಎಸ್. ಪ್ರಭು ಅವರು ಬರೆದ, 1987ರಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಭಾಷೆ ಕಲಿಸುವ ಮೇಷ್ಟ್ರುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡರೆ ಏನಾಗಬಹುದು ಎಂಬುದಕ್ಕೆ ನಮ್ಮ ಕಡೆಯದೇ ಆದ ಕಥೆ ಅದರಲ್ಲಿದೆ. ಅದನ್ನು ನಿಮಗೂ ಹೇಳಬೇಕೆಂದೇ ಈ ಲೇಖನ.

ಮೊದಲು ಸ್ವಲ್ಪ ಹಿನ್ನೆಲೆ. 1950ರ ದಶಕದಿಂದ ದಕ್ಷಿಣದ ಶಾಲೆಗಳಲ್ಲಿ ಇಂಗ್ಲಿಷನ್ನು ವಾಕ್ಯರಚನೆಗಳ ಪಟ್ಟಿ ಹಿಡಿದು ಕಲಿಸುತ್ತಿದ್ದರು. ಇವತ್ತು ಒಂದು ರಚನೆ, ನಾಳೆ ಇನ್ನೊಂದು, ಸುಲಭದಿಂದ ಕಷ್ಟಕ್ಕೆ. ಮೇಷ್ಟ್ರು ಹೇಳುವುದು, ಮಕ್ಕಳು ಒಕ್ಕೊರಲಿನಿಂದ ಮತ್ತೆ ಹೇಳುವುದು. ಇದನ್ನು ಪ್ರಾಥಮಿಕ ಶಾಲೆಗಳಿಗೆ ಮುಟ್ಟಿಸಲು 1960ರ ಸುಮಾರಿಗೆ ಆಗಿನ ಮದ್ರಾಸು ರಾಜ್ಯದಲ್ಲಿ ಸುಮಾರು 27,000 ಅಧ್ಯಾಪಕರಿಗೆ ತರಬೇತಿ ಕೊಡುವ ದೊಡ್ಡ ಯೋಜನೆ ನಡೆಯಿತು. ಕೆಲವರಿಗೆ ಕಲಿಸುವುದು, ಅವರು ಇನ್ನಷ್ಟು ಜನರಿಗೆ, ಆ ಜನ ಮತ್ತಷ್ಟು ಜನರಿಗೆ. ಇದಕ್ಕೆ 'ಮದ್ರಾಸಿನ ಹಿಮದುಂಡೆ' ಅಂತ ಹೆಸರೂ ಬಿತ್ತು. ಮದ್ರಾಸಿನಲ್ಲಿ ಹಿಮ ಎಲ್ಲಿಂದ ಬರಬೇಕು ಅನ್ನಬೇಡಿ, ಉರುಳುತ್ತ ಉರುಳುತ್ತ ದೊಡ್ಡದಾಗುತ್ತದೆ ಎಂಬರ್ಥದಲ್ಲಿ ಇಟ್ಟ ಹೆಸರು. ಯೋಜನೆಯ ಹರವು ನಿಜಕ್ಕೂ ದೊಡ್ಡದು. ಆದರೆ ಇಂಥ ಏರ್ಪಾಡಿನಲ್ಲಿ ವಿಚಾರ ಒಂದೇ ದಿಕ್ಕಿಗೆ ಹರಿಯುತ್ತದೆ, ಮೇಲಿಂದ ಕೆಳಕ್ಕೆ. ಕೊನೆಯ ಸಾಲಿನ ಮೇಷ್ಟ್ರು "ನನ್ನ ತರಗತಿಯಲ್ಲಿ ಇದು ನಡೀಲಿಲ್ಲ ಸ್ವಾಮಿ" ಅಂತ ಹೇಳಬೇಕೆಂದರೆ ಆ ಮಾತು ಮೇಲಕ್ಕೆ ಹೋಗಲು ದಾರಿ ಇಲ್ಲ.

1970ರ ದಶಕದ ಕೊನೆಯ ಹೊತ್ತಿಗೆ ಈ ಕ್ರಮದ ಬಗ್ಗೆಯೇ ಅನುಮಾನ ಹುಟ್ಟಿತ್ತು. ತರಗತಿಯಲ್ಲಿ ಸರಿಯಾಗಿ ಒಪ್ಪಿಸಿದ ವಾಕ್ಯವನ್ನು ಹುಡುಗ ಹೊರಗೆ ಬಂದು ತಪ್ಪಾಗಿ ಆಡುತ್ತಾನೆ, ಇಲ್ಲವೆ ಬಾಯಿಯೇ ಬಿಡುವುದಿಲ್ಲ. (ನನ್ನ ಭಾನುವಾರದ ಹುಡುಗನ ಹಾಗೆಯೇ!) ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯವರೊಡನೆ ಸೇರಿ 1979ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಅದು 1984ರವರೆಗೆ ನಡೆಯಿತು. ಶುರುವಾದದ್ದು ಬೆಂಗಳೂರಿನಲ್ಲಿ. ಆಮೇಲೆ ನಮ್ಮ ತಿರುವಾನ್ಮಿಯೂರು, ತಿರುವೊತ್ತಿಯೂರಿನ ಶಾಲೆಗಳಿಗೂ ಬಂತು. 'ಬೆಂಗಳೂರು ಪ್ರಾಜೆಕ್ಟ್' ಎಂದು ಲೋಕಕ್ಕೆಲ್ಲ ಗೊತ್ತಾದದ್ದು ಇದೇ.

ಅವರ ಊಹೆ ಇಷ್ಟು: ಮಗುವಿನ ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗಲೇ ವ್ಯಾಕರಣ ತಾನಾಗಿ ಒಳಗೆ ಕೂತುಕೊಳ್ಳುತ್ತದೆ. ಆದ್ದರಿಂದ ರಚನೆಗಳ ಪಟ್ಟಿಯನ್ನೇ ಕೈಬಿಟ್ಟರು. ಅದರ ಬದಲು ದಿನಕ್ಕೊಂದು ಲೆಕ್ಕದಂಥ ಸಮಸ್ಯೆ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವು. ಮೊದಲು ಒಂದು ಸಮಸ್ಯೆಯನ್ನು ಮೇಷ್ಟ್ರು ಇಡೀ ತರಗತಿಯ ಜೊತೆ ಮಾತಾಡುತ್ತ ಬಿಡಿಸುವುದು. ಆಮೇಲೆ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸುವುದು.

ಇದನ್ನು ನಮ್ಮ ಕನ್ನಡಕ್ಕೆ ಹೊಂದಿಸಿ ನೋಡಿ. ಮೈಸೂರಿಗೆ ಮೂರು ಗಾಡಿ ಇವೆ ಅನ್ನಿ. ಒಂದು ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ಸೇರುತ್ತದೆ. ಇನ್ನೊಂದು ಮಧ್ಯಾಹ್ನ ಮೂರಕ್ಕೆ ಹೊರಟು ರಾತ್ರಿ ಹತ್ತಕ್ಕೆ. ಮತ್ತೊಂದು ರಾತ್ರಿ ಒಂಬತ್ತಕ್ಕೆ ಹೊರಟು ಬೆಳಿಗ್ಗೆ ಆರಕ್ಕೆ. ಅಪ್ಪನಿಗೆ ಶುಕ್ರವಾರ ಆಫೀಸು ಬಿಡುವುದು ಸಂಜೆ ಐದೂವರೆಗೆ. ಅಜ್ಜಿ ಶನಿವಾರ ಬೆಳಗಿನ ತಿಂಡಿಗೆ ಕಾಯುತ್ತಾರೆ. ಯಾವ ಗಾಡಿ ಹತ್ತಬೇಕು? ಯಾಕೆ? "ಮೂರು ಗಂಟೆ ಗಾಡಿ ಆಗಲ್ಲ, ಅಪ್ಪ ಆಫೀಸಲ್ಲಿ ಇರ್ತಾರೆ" ಎಂದು ಮಗು ಹೇಳಿದರೆ ಅಲ್ಲಿ ಸಪ್ತಮಿಯೂ ಬಂತು, ಕ್ರಿಯಾಪದವೂ ಬಂತು. ನಾವು ಅದರ ಹೆಸರು ಎತ್ತಲಿಲ್ಲ, ಅಷ್ಟೇ.

ಸಮಸ್ಯೆ ಎಷ್ಟು ಕಷ್ಟ ಇರಬೇಕು ಎಂಬುದಕ್ಕೂ ಒಂದು ಸರಳ ಅಳತೆ ಇಟ್ಟುಕೊಂಡರು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟು ಭಾಗವನ್ನಾದರೂ ಸರಿ ಮಾಡಬೇಕು. ಅದಕ್ಕಿಂತ ಕಡಿಮೆಯಾದರೆ ಮುಂದಿನದು ಸುಲಭವಾಗಲಿ, ಎಲ್ಲರೂ ಎಲ್ಲವನ್ನೂ ಮಾಡಿಬಿಟ್ಟರೆ ತುಸು ಬಿಗಿಯಾಗಲಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಈ ಪಠ್ಯಕ್ರಮವನ್ನು ಯಾರೂ ಮೊದಲೇ ಬರೆದು ಹಂಚಲಿಲ್ಲ. ಪ್ರಭು ಅವರೇ ಶಾಲೆಗೆ ಹೋಗಿ ಪಾಠ ಮಾಡಿದರು. ಉಳಿದವರು ಕೂತು ನೋಡಿದರು. ಪಾಠದ ಮೇಲೆ ಚರ್ಚೆಯಾಯಿತು. ಯಾವುದು ನಡೆಯಿತು, ಯಾವುದು ಬಿತ್ತು ಎಂಬ ವರದಿಗಳು ಸಂಸ್ಥೆಯ ಪತ್ರಿಕೆಯಲ್ಲಿ ಬಂದವು. ವಿಮರ್ಶೆಗೆಂದೇ ಸೆಮಿನಾರುಗಳಾದವು, ಒಪ್ಪದವರೂ ಬಂದು ಕೂತರು. ಐದು ವರ್ಷ ನಡೆದ ಮೇಲೆ ಉಳಿದ ಸಮಸ್ಯೆಗಳ ಪಟ್ಟಿಯೇ ಪಠ್ಯಕ್ರಮ ಎನ್ನಬಹುದು. ಅಂದರೆ ವಿಚಾರ ತರಗತಿಯಿಂದ ಹೊರಟು ಮೇಷ್ಟ್ರುಗಳ ಮಾತಿನಲ್ಲಿ ಹದವಾಗಿ ಮತ್ತೆ ತರಗತಿಗೇ ಹೋಯಿತು.

ಫಲ ಏನಾಯ್ತು ಅಂತ ಕೇಳುತ್ತೀರಿ. 1984ರಲ್ಲಿ ಬೆರೆಟಾ ಮತ್ತು ಡೇವೀಸ್ ಎಂಬ ಇಬ್ಬರು ಹೊರಗಿನವರು ಪರೀಕ್ಷೆ ಮಾಡಿದರು. ಹಳೆಯ ಕ್ರಮದವರು ರಚನೆಯ ಪರೀಕ್ಷೆಯಲ್ಲಿ ಮೇಲಾದರು, ಪ್ರಯೋಗದ ಮಕ್ಕಳು ತಾವು ಕಲಿತ ಬಗೆಯ ಕೆಲಸದಲ್ಲಿ ಮೇಲಾದರು. ಒಟ್ಟಿನಲ್ಲಿ ಪ್ರಯೋಗದ ಪರವಾಗಿಯೇ ಅವರ ಮಾತು ವಾಲಿತು, ಆದರೆ ಜಯಭೇರಿ ಬಾರಿಸುವಷ್ಟಲ್ಲ. ಮುಂದೆ 1990ರಲ್ಲಿ ಬೆರೆಟಾ ಇನ್ನೊಂದು ಮಾತು ತೋರಿಸಿಕೊಟ್ಟರು. ಹೊಸ ಕ್ರಮ ಯೋಜನೆಯ ಪರಿಣತರ ಕೈಯಲ್ಲಿ ಚೆನ್ನಾಗಿ ನಡೆಯಿತು, ಶಾಲೆಯ ಮಾಮೂಲಿ ಮೇಷ್ಟ್ರುಗಳಲ್ಲಿ ಹಲವರಿಗೆ ಅದು ಪೂರ್ತಿ ಒಗ್ಗಲಿಲ್ಲ. ಇದು ಅವರ ದಡ್ಡತನವೆಂದು ನನಗನ್ನಿಸುವುದಿಲ್ಲ. ಮತ್ತೊಬ್ಬರು ಕಂಡುಕೊಂಡದ್ದನ್ನು ಹಾಗೇ ಎತ್ತಿ ಕೈಗಿಟ್ಟರೆ ಅದು ನಮ್ಮದಾಗುವುದು ಕಷ್ಟ.

ಅದೇ 1990ರಲ್ಲಿ, ಸಿಂಗಪುರದ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದ ಪ್ರಭು ಅವರು ಬರೆದ ಒಂದು ಲೇಖನ ಈ ಗಂಟನ್ನೇ ಬಿಡಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯ ಪದ್ಧತಿ ಎಂಬುದೊಂದಿಲ್ಲ ಎನ್ನುತ್ತಾರೆ. ಸ್ವಂತ ಪದ್ಧತಿಯನ್ನೇ ಕಟ್ಟಿದವರು ಹೀಗೆ ಹೇಳಬೇಕಾದರೆ ಯೋಚಿಸಬೇಕಾದ ಮಾತೇ. ಅವರ ಪ್ರಕಾರ, ತಾನು ಹೇಳುವ ಪಾಠದಿಂದ ಕಲಿಕೆ ಹೇಗೆ ಆಗುತ್ತದೆ ಎಂಬ ನಂಬಿಕೆ ಪ್ರತಿ ಮೇಷ್ಟ್ರಲ್ಲೂ ಇರುತ್ತದೆ. ಆ ನಂಬಿಕೆ ಜೀವಂತವಾಗಿರಬೇಕು, ತಿದ್ದಿಕೊಳ್ಳಲು ತಯಾರಾಗಿರಬೇಕು. ಪಾಠಕ್ಕೆ ನಿಜವಾದ ಶತ್ರು ತಪ್ಪು ಪದ್ಧತಿಯಲ್ಲ, ಯಂತ್ರದಂತೆ ಮಾಡುವ ಪಾಠ. ಇನ್ನೊಬ್ಬರ ನಂಬಿಕೆಯೊಡನೆ ಮಾತಾಡಿ ತಿಕ್ಕಾಡಿದಾಗ ನಮ್ಮದು ಚುರುಕಾಗುತ್ತದೆ.

ಇದನ್ನು ಓದಿದ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ ಗೆಳತಿಯ ಕೋಣೆಗೆ ಹೋಗಿ ಕೂತೆ. ಅವಳು ಪ್ರಭು ಅವರ ಹೆಸರನ್ನೂ ಕೇಳಿರಲಿಲ್ಲ. ಆದರೆ ಮಕ್ಕಳಿಗೆ ಹತ್ತು ರೂಪಾಯಿಯ ನೋಟು ತೋರಿಸಿ, ಇದರಲ್ಲಿ ಏನೇನು ಕೊಳ್ಳಬಹುದು ಅಂತ ಜಗಳ ಹಚ್ಚಿದ್ದಳು. "ಹೀಗೆ ಯಾಕೆ ಮಾಡ್ತೀಯ?" ಎಂದು ಕೇಳಿದೆ. "ಜಗಳ ಆಡುವಾಗ ಯಾವ ಮಗುವೂ ನಾಚಿಕೊಳ್ಳಲ್ಲ ಕಣೋ" ಅಂದಳು. ಅದೇ ಅವಳ ನಂಬಿಕೆ. ನನಗೆ ವರ್ಷವಿಡೀ ಪಕ್ಕದ ಗೋಡೆಯಾಚೆ ಸಿಗುತ್ತಿದ್ದ ಉತ್ತರ ಅದು.

ಈಗ ನಾವು ಮೂವರು ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಬೀಗದ ಕೈ ತೂಗುಹಾಕುವ ಮೊಳೆಗೇ ದಾರ ಕಟ್ಟಿ ನೇತುಹಾಕಿದ್ದೇವೆ. ನಿಯಮ ಮೂರೇ. ನಾನೇನು ಕಲಿಸಿದೆ ಎಂದಲ್ಲ, ಮಕ್ಕಳು ಏನು ಮಾಡಿದರು, ಏನಂದರು ಎಂದು ಬರೆಯಬೇಕು. ಬಿದ್ದುಹೋದ ಪಾಠವನ್ನೂ ಬರೆಯಬೇಕು. ತಿಂಗಳಿಗೊಮ್ಮೆ ಇನ್ನೊಬ್ಬರ ಕೋಣೆಯಲ್ಲಿ ಸುಮ್ಮನೆ ಕೂರಬೇಕು, ಹೊರಗೆ ಬಂದ ಮೇಲೆ "ಯಾಕೆ" ಎಂದು ಕೇಳಬೇಕು. ಮೊದಲ ಪುಟದಲ್ಲಿ ನನ್ನ ವಿಭಕ್ತಿಯ ಕಥೆಯೇ ಇದೆ.

ಬಿಟ್ಟುಹೋದ ಒಂಬತ್ತು ಮಕ್ಕಳಲ್ಲಿ ಇಬ್ಬರು ವಾಪಸು ಬಂದಿದ್ದಾರೆ. ಫೋನು ಕೊಟ್ಟು ಓಡಿದ ಹುಡುಗ ಇನ್ನೂ ಬಂದಿಲ್ಲ. ಅವರ ಮನೆಗೆ ಈ ವಾರ ಹೋಗುವುದಿದೆ. ಭಾನುವಾರ ಬಿಡುವಿದ್ದವರು ತರಗತಿಗೆ ಬನ್ನಿ, ಪಾಠ ಹೇಳಲು ಬರುವುದಿಲ್ಲ ಎನ್ನುವವರೂ ಬನ್ನಿ. ನೋಟ್‌ಬುಕ್ಕಿನಲ್ಲಿ ಹಾಳೆಗಳು ಬೇಕಾದಷ್ಟು ಖಾಲಿ ಇವೆ.