ಮಕ್ಕಳೊಡನೆ ಗದಗ ಸೀಮೆಗೆ: ಕಾಸು ಕಡಿಮೆ, ಕಾಣುವುದು ಬಹಳ



ರಜೆ ಬಂತೆಂದರೆ ತೋಟದ ಮನೆಗಳಲ್ಲಿ ಮಕ್ಕಳದು ಒಂದೇ ರಾಗ: “ಎಲ್ಲಿಗಾದರೂ ಹೋಗೋಣ.” ಹಿರಿಯರದೂ ಒಂದೇ ಉತ್ತರ: “ಕೊಯ್ಲು ಮುಗಿಯಲಿ.” ಕೊಯ್ಲು ಮುಗಿಯುವ ಹೊತ್ತಿಗೆ ಪರೀಕ್ಷೆ, ಪರೀಕ್ಷೆ ಮುಗಿದರೆ ಹೂಮಳೆಯ ಚಿಂತೆ, ಅದರ ಬೆನ್ನಿಗೇ ಬೋರ್ಡೋ ಸಿಂಪಡಣೆ. ಮಕ್ಕಳು ಓದಿಗೆಂದು ಊರು ಬಿಟ್ಟ ಮೇಲೆ ನಮಗೆ ಪುರುಸೊತ್ತು ಸಿಗುತ್ತದೆ. ಹೋಗಲು ಮನಸ್ಸು ಮಾಡಿದವರೂ ಬೆಂಗಳೂರಿನ ಮಾಲು, ನೀರಾಟದ ಪಾರ್ಕು, ಇಲ್ಲವೇ ಯಾವುದಾದರೊಂದು ರೆಸಾರ್ಟು ಎಂದು ಯೋಚಿಸಿ, ನಾಲ್ಕು ಜನರ ಟಿಕೇಟಿನ ಮೊತ್ತ ಕೇಳಿಯೇ ಹಿಂದೆ ಸರಿಯುತ್ತಾರೆ.

ಇಂಥ ಮನೆಗಳಿಗಾಗಿ ಒಂದು ಅಗ್ಗದ ಪ್ರವಾಸವನ್ನು ಸೂಚಿಸುತ್ತಿದ್ದೇವೆ. ಅದು ಗದಗ-ಬೆಟಗೇರಿ ಅವಳಿ ನಗರ ಮತ್ತು ಅದರ ಆಸುಪಾಸಿನ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. “ಆ ಬಯಲಿನಲ್ಲಿ ಮಕ್ಕಳಿಗೆ ಏನು ತೋರಿಸುವುದು?” ಎಂಬ ಪ್ರಶ್ನೆ ಸಹಜ. ಗುಡಿ, ಕೆರೆ, ಹಕ್ಕಿ, ಮಗ್ಗ, ಎಲ್ಲವೂ ಇವೆ. ಅವುಗಳ ವಿವರ ಮುಂದೆ ಬರುತ್ತದೆ. ಅದಕ್ಕೂ ಮುಖ್ಯವಾದ ಕಾರಣ ಬೇರೆ ಇದೆ. ನಮ್ಮ ಕಾಫಿ ಕೊಯ್ಲಿಗೆ ಇಂದು ಉತ್ತರ ಕರ್ನಾಟಕದ ಬಯಲು ಜಿಲ್ಲೆಗಳ ಜನ ಬರುತ್ತಾರೆ. ಅವರಿಲ್ಲದೆ ಹಣ್ಣು ಗಿಡದಲ್ಲೇ ಒಣಗಿ ಉದುರೀತು. ನಮ್ಮ ಮಕ್ಕಳು ಆ ಜನರನ್ನು ಕಂಡಿರುವುದು ಲೈನ್ ಮನೆಗಳಲ್ಲಿ, ಸಂಜೆ ಹಣ್ಣು ಅಳೆಯುವ ಹೊತ್ತಿನಲ್ಲಿ ಮಾತ್ರ. ಅವರ ಸೀಮೆ ಎಂಥದು, ಅವರ ಹೊಲದಲ್ಲಿ ಏನು ಬೆಳೆಯುತ್ತದೆ, ಯಾವ ಹಿರಿಮೆಯ ನಾಡಿನಿಂದ ಅವರು ಬಂದಿದ್ದಾರೆ ಎಂಬುದು ಮಕ್ಕಳಿಗೆ ಗೊತ್ತಿಲ್ಲ. ಕೆಲಸಕ್ಕೆ ಬರುವವರ ನಾಡಿಗೆ ನಾವು ಒಮ್ಮೆ ಅತಿಥಿಗಳಾಗಿ ಹೋಗಿ ಬಂದರೆ, ಮಕ್ಕಳು ಅವರನ್ನು ನೋಡುವ ಕಣ್ಣು ಬದಲಾಗುತ್ತದೆ. ಇದು ಯಾವ ಪಾರ್ಕಿನಲ್ಲೂ ಹಣ ಕೊಟ್ಟರೆ ಸಿಗುವಂಥದಲ್ಲ.

ಯಾವಾಗ, ಹೇಗೆ?

ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಮಲೆನಾಡಿನ ಮಕ್ಕಳು ಬಾಡಿ ಹೋಗುತ್ತಾರೆ. ಬೇಸಿಗೆ ರಜೆ ಬೇಡ. ಅಡಿಕೆಯ ಕೊನೆ ಕೊಯ್ಲು, ಅರೇಬಿಕಾ ಕೊಯ್ಲು ಬಿರುಸಾಗುವ ಮೊದಲೇ ಬರುವ ದಸರಾ ರಜೆ ಒಳ್ಳೆಯದು. ಹಕ್ಕಿಗಳನ್ನೂ ನೋಡಬೇಕೆಂದರೆ ಡಿಸೆಂಬರ್-ಜನವರಿಯಲ್ಲಿ, ಒಂದು ಸುತ್ತು ಹಣ್ಣು ಕಿತ್ತು ಮುಂದಿನ ಸುತ್ತಿಗೆ ಕಾಯುವ ನಡುವೆ, ಶನಿವಾರ-ಭಾನುವಾರ ಹೊಂದಿಸಿಕೊಳ್ಳಬೇಕು.

ಕಡೂರು, ಬೀರೂರು, ಅರಸೀಕೆರೆಗಳಿಂದ ಹುಬ್ಬಳ್ಳಿಗೆ ರೈಲಿದೆ. ಅಲ್ಲಿಂದ ಗದಗ 60 ಕಿಲೋಮೀಟರಿನೊಳಗೆ, ಬಸ್ಸುಗಳಿಗೆ ಬರವಿಲ್ಲ. ಶಿವಮೊಗ್ಗ ಕಡೆಯವರು ಹಾವೇರಿಯ ಮೇಲಿಂದ ಹೋಗಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಗುರುತಿನ ಚೀಟಿ ಮರೆಯಬಾರದು ಅಷ್ಟೆ. ತಾಯಿ, ಅಜ್ಜಿ, ಮಗಳು ಹೊರಟರೆ ಪ್ರಯಾಣದ ಖರ್ಚಿನ ದೊಡ್ಡ ಪಾಲು ಅಲ್ಲೇ ಉಳಿಯಿತು. ಮೂರು ನಾಲ್ಕು ಮನೆಯವರು ಕೂಡಿ ಒಂದು ವಾಹನ ಮಾಡಿಕೊಂಡರೂ ಹಗುರವೇ. ಕೂಡಿ ಮಾಡಿದರೆ ಹಗುರ ಎಂಬುದನ್ನು ಸಹಕಾರಿಗಳಿಗೆ ಹೊಸದಾಗಿ ಹೇಳಬೇಕಿಲ್ಲ.

ಅವಳಿ ನಗರದಲ್ಲಿ ಒಂದು ದಿನ

ಗದಗದ ಬಸ್ ನಿಲ್ದಾಣದ ಸುತ್ತ ಸಾಧಾರಣ ಬಾಡಿಗೆಯ ಲಾಡ್ಜುಗಳಿವೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ತ್ರಿಕೂಟೇಶ್ವರನ ಗುಡಿಗೆ ಹೋಗುವುದು ಒಳ್ಳೆಯದು. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಮೂರು ಲಿಂಗಗಳು ಒಂದೇ ಸಾಲಿನಲ್ಲಿವೆ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳ ಕೆತ್ತನೆ ಪ್ರಸಿದ್ಧವಾದದ್ದು. “ಒಂದರ ಹಾಗೆ ಇನ್ನೊಂದು ಕಂಬ ಇದೆಯೇ, ಹುಡುಕಿ” ಎಂದು ಮಕ್ಕಳಿಗೆ ಹೇಳಿ ಬಿಟ್ಟರೆ ಒಂದು ಗಂಟೆ ಯಾರೂ ಅವರನ್ನು ಆಡಿಸಬೇಕಾಗಿಲ್ಲ.

ಅನಂತರ ವೀರನಾರಾಯಣನ ಗುಡಿ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ರಾತ್ರಿ ಓದುತ್ತಿದ್ದ ಭಾರತ ಗದುಗಿನ ಭಾರತವೇ. ಕುಮಾರವ್ಯಾಸನು ಸ್ನಾನ ಮಾಡಿ ಒದ್ದೆಬಟ್ಟೆಯಲ್ಲಿ ಈ ಗುಡಿಯ ಕಂಬದ ಬಳಿ ಕುಳಿತು, ಬಟ್ಟೆ ಆರುವವರೆಗೆ ಕಾವ್ಯ ರಚಿಸುತ್ತಿದ್ದನೆಂಬುದು ಇಲ್ಲಿಯ ಐತಿಹ್ಯ. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಅಜ್ಜನ ಬಾಯಲ್ಲಿ ಭಾರತ ಕೇಳಿದ ಮಗುವಿಗೆ ಆ ಕಂಬವನ್ನು ಮುಟ್ಟಿ ನೋಡುವುದೇ ಒಂದು ಸಂತೋಷ.

ಮಧ್ಯಾಹ್ನ ಖಾನಾವಳಿಯ ಊಟ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. “ಇನ್ನೊಂದ ರೊಟ್ಟಿ ಹಾಕ್ಕೊರಿ” ಎಂದು ಒತ್ತಾಯ ಮಾಡಿ ಬಡಿಸುವ ಪದ್ಧತಿ ಅಲ್ಲಿಯದು. ಖಾರದ ಮಟ್ಟಿಗೆ ಮಾತ್ರ ಚಿಕ್ಕ ಮಕ್ಕಳ ಪರವಾಗಿ ಮೊದಲೇ ಹೇಳಿಬಿಡಬೇಕು. ಸಂಜೆಗೆ ಮಂಡಕ್ಕಿ, ಮಿರ್ಚಿ ಭಜಿ ಇದ್ದೇ ಇದೆ.

ಬೆಟಗೇರಿ ನೇಕಾರರ ಊರು. ಮಗ್ಗದ ಸದ್ದು ಕೇಳಿಸುವ ಓಣಿಗಳು ಈಗಲೂ ಇವೆ. ಬಾಗಿಲಲ್ಲಿ ನಿಂತು ವಿನಯದಿಂದ ಕೇಳಿದರೆ ಬೇಡವೆನ್ನುವವರು ಕಡಿಮೆ. ಒಂದು ಸೀರೆಗೆ ಎಷ್ಟು ದಿನದ ದುಡಿಮೆ, ನೇಯ್ದವರ ಕೈಗೆ ಬರುವುದೆಷ್ಟು ಎಂದು ಮಕ್ಕಳೇ ಕೇಳಲಿ. ಬೆಳೆದವನಿಗೂ ಮಾರುಕಟ್ಟೆಯ ಬೆಲೆಗೂ ನಡುವಿನ ಅಂತರ ನಮ್ಮ ಕಸುಬಿಗೆ ಮಾತ್ರ ಸೇರಿದ್ದಲ್ಲವೆಂದು ಅವರಿಗೆ ತಿಳಿಯುತ್ತದೆ.

ವೀರೇಶ್ವರ ಪುಣ್ಯಾಶ್ರಮವನ್ನು ಬಿಟ್ಟು ಬರಬಾರದು. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಕಾಲವಾಗುವವರೆಗೂ ಬೆಳೆಸಿದ ಈ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡಿದ್ದಾರೆ. ಗುರುಶಿಷ್ಯರಿಬ್ಬರೂ ದೃಷ್ಟಿಹೀನರೇ. ಬರಿಗೈಯಲ್ಲಿ ಹೋಗದೆ, ಮನೆಯ ಕಾಫಿ ಪುಡಿಯನ್ನೋ ಕಾಳುಮೆಣಸನ್ನೋ ದಾಸೋಹಕ್ಕೆ ಒಯ್ಯುವುದು ಚೆನ್ನ. ಸಂಜೆ ಭೀಷ್ಮ ಕೆರೆಯ ದಂಡೆಯಲ್ಲಿ ನೂರಡಿಗೂ ಮಿಗಿಲಾದ ಬಸವೇಶ್ವರ ಪ್ರತಿಮೆಯ ಕೆಳಗೆ ಮಕ್ಕಳು ಓಡಾಡಿಕೊಳ್ಳಲಿ. ತೀರ ಎಳೆಯ ಮಕ್ಕಳಿದ್ದರೆ ಹುಬ್ಬಳ್ಳಿ ರಸ್ತೆಯ ಬಿಂಕದಕಟ್ಟಿಯಲ್ಲಿ ಕಿರು ಮೃಗಾಲಯವಿದೆ. ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಲಕ್ಕುಂಡಿಯಲ್ಲಿ ಅರ್ಧ ದಿನ

ಗದಗದಿಂದ ಸುಮಾರು 12 ಕಿಲೋಮೀಟರು. ಹಿಂದೆ ಲೊಕ್ಕಿಗುಂಡಿಯೆನಿಸಿದ್ದ ಈ ಊರಿನಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವೆಂಬ ಮಾತಿದೆ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಕುಸುರಿ, ಮಾಣಿಕೇಶ್ವರ ಗುಡಿಯೆದುರಿನ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿ, ಇವೆರಡನ್ನೂ ನಿಧಾನವಾಗಿ ನೋಡಬೇಕು. ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅಚ್ಚುಮೊಳೆ ಇಲ್ಲದ ಆ ಕಾಲದಲ್ಲಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಮಹಾತಾಯಿ ಅವಳು. ಓದುವ ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಆ ಅಂಗಳದಲ್ಲೇ ನಿಂತು ಹೇಳಿದರೆ ಅದರ ತೂಕವೇ ಬೇರೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮಾಗಡಿ ಕೆರೆ

ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಸಾವಿರ ವರ್ಷಗಳ ಹಿಂದೆ ಇಲ್ಲಿಯ ಕನ್ನಡವನ್ನು ತಿರುಳ್ಗನ್ನಡವೆಂದು ಕವಿಗಳು ಕೊಂಡಾಡಿದ್ದರು. “ಅವರ ಭಾಷೆ ಒರಟು” ಎಂದು ತೋಟದಲ್ಲಿ ಹಗುರವಾಗಿ ಆಡುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಕೋಟೆಯಂಥ ಗೋಡೆಯೊಳಗಿನ ಸೋಮೇಶ್ವರ ಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತಿದ್ದಾರೆ. ರಾಘವಾಂಕನ ಸೋಮನಾಥ ಚಾರಿತ್ರ ಈ ದೇವರನ್ನು ಸೌರಾಷ್ಟ್ರದಿಂದ ತಂದ ಆದಯ್ಯನ ಕಥೆ. ಅದೇ ಊರಿನಲ್ಲಿ ಶಂಖ ಬಸದಿಯಿದೆ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯಿದೆ. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ. ಹೆಸರೇ ಹೇಳುವಂತೆ ಹಿಂದೂಗಳೂ ಮುಸಲ್ಮಾನರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುವ ಸ್ಥಳ. ಉಪದೇಶವಿಲ್ಲದೆ ಮಕ್ಕಳಿಗೆ ತಿಳಿಯುವ ಪಾಠ ಇದು.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಇವನ್ನು ನೋಡಬಹುದು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಹಕ್ಕಿಗಳು ಸುತ್ತಲ ಹೊಲಗಳಿಗೆ ಮೇಯಲು ಇಳಿಯುತ್ತವೆ. ಆದರೂ ಊರವರು ಅವನ್ನು ಅತಿಥಿಗಳೆಂದೇ ಕಂಡಿದ್ದಾರೆ. ಆನೆ, ಕಾಡುಹಂದಿ, ಮಂಗಗಳ ಕಾಟ ಉಣ್ಣುವ ನಮಗೆ ಆ ಸಹನೆಯ ಬೆಲೆ ಗೊತ್ತು. ದುರ್ಬೀನು ಒಂದಿದ್ದರೆ ಸಾಕು, ಕಲ್ಲು ಬೀರದೆ, ಗದ್ದಲವಿಲ್ಲದೆ ಬೆಳಗಿನ ಎರಡು ಗಂಟೆ ಕಳೆಯಬಹುದು, ಖರ್ಚು ಸೊನ್ನೆ.

ಡಂಬಳ, ಮುಂಡರಗಿ

ಮುಂಡರಗಿ ದಾರಿಯಲ್ಲಿ ಸಿಗುವ ಡಂಬಳದ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ನಕ್ಷತ್ರದಂತಿದೆ. ಗೋಡೆಯ ಸುತ್ತ ನಡೆಯುತ್ತ ಮೂಲೆಗಳನ್ನು ಎಣಿಸುವುದು ಮಕ್ಕಳಿಗೆ ಒಳ್ಳೆಯ ಆಟ. ಪಕ್ಕದಲ್ಲೇ ಕಾಣುವುದು ಕಪ್ಪತಗುಡ್ಡದ ಸಾಲು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು ಜನ ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು.

ಮುಂಡರಗಿಯಿಂದ ಮುಂದೆ ಸಿಂಗಟಾಲೂರಿನ ವೀರಭದ್ರೇಶ್ವರ ಗುಡಿ, ಹತ್ತಿರದಲ್ಲೇ ತುಂಗಭದ್ರೆ. ಇಲ್ಲಿ ಮಕ್ಕಳಿಗೆ ಹೇಳಬೇಕಾದ ಮಾತೊಂದಿದೆ. ತುಂಗೆಯೂ ಭದ್ರೆಯೂ ಹುಟ್ಟುವುದು ನಮ್ಮ ಗಂಗಾಮೂಲದಲ್ಲಿ. ನಮ್ಮ ಗುಡ್ಡಗಳ ಮೇಲೆ ಬಿದ್ದ ಮಳೆಯೇ ಇಲ್ಲಿ ಹೊಳೆಯಾಗಿ ಹರಿದು, ಹಮ್ಮಿಗಿಯ ಬ್ಯಾರೇಜಿನಲ್ಲಿ ನಿಂತು ಒಣಹೊಲಗಳಿಗೆ ಏರಬೇಕು. ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ನಮ್ಮ ಕೆಲವು ತೋಟಗಳಲ್ಲಿ ಅಷ್ಟು ಮಳೆ ಜುಲೈ ಒಂದರಲ್ಲೇ ಸುರಿಯುತ್ತದೆ. ಎರೆಭೂಮಿ ಹಿಡಿದಿಟ್ಟ ಹಸಿಯ ಮೇಲೆ ಜೋಳ, ಕಡಲೆ ಬೆಳೆಯುವ ರೈತ, ಮಳೆ ಕೈಕೊಟ್ಟ ವರ್ಷ ಹೆಂಡತಿ ಮಕ್ಕಳೊಡನೆ ನಮ್ಮ ತೋಟಕ್ಕೆ ಏಕೆ ಬರುತ್ತಾನೆಂಬುದು ಹೊಲದ ಬದುವಿನ ಮೇಲೆ ನಿಂತಾಗ ಅರ್ಥವಾಗುತ್ತದೆ. ನದಿಯಲ್ಲಿ ಮಾತ್ರ ಮಕ್ಕಳನ್ನು ಇಳಿಯಗೊಡಬೇಡಿ.

ಕಣಗಿನಹಾಳ

ಸಹಕಾರಿಗಳಾದ ನಾವು ಮರೆಯಬಾರದ ಊರು ಗದಗ ತಾಲ್ಲೂಕಿನ ಕಣಗಿನಹಾಳ. 1904ರಲ್ಲಿ ಸಹಕಾರ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದಲ್ಲೇ ಮೊದಲನೆಯದೆಂಬ ಹೆಮ್ಮೆ ಅದರದು. ಸಾಹುಕಾರನ ಬಡ್ಡಿಗೆ ಸಿಕ್ಕ ಬಯಲುಸೀಮೆಯ ರೈತರು ಹಾಕಿದ ಹೆಜ್ಜೆಯಲ್ಲಿ ನಾವೂ ನಡೆದು ಬಂದಿದ್ದೇವೆ. ನಮ್ಮ ಸಂಘದಿಂದ ಗೊಬ್ಬರ, ಸಾಲ ಪಡೆಯುವ ಮನೆಯ ಮಕ್ಕಳು ಆ ಹಳ್ಳಿಯ ಹೆಸರನ್ನಾದರೂ ತಿಳಿದಿರಬೇಕು.

ಖರ್ಚಿನ ಮಾತು

ಮೇಲೆ ಹೇಳಿದ್ದನ್ನೆಲ್ಲ ಎರಡು ದಿನದಲ್ಲಿ ಮುಗಿಸುವ ಆಸೆ ಬೇಡ. ಚಿಕ್ಕ ಮಕ್ಕಳಿದ್ದರೆ ದಿನಕ್ಕೆ ಎರಡೇ ಸ್ಥಳ, ಮಧ್ಯಾಹ್ನ ನಿದ್ದೆ. ಗದಗದ ಗುಡಿಗಳಿಗೂ, ಕೆರೆಯ ಹಕ್ಕಿಗಳನ್ನು ನೋಡುವುದಕ್ಕೂ ಹಣ ತೆರಬೇಕಿಲ್ಲ. ಮೃಗಾಲಯ, ವಸ್ತುಸಂಗ್ರಹಾಲಯಗಳದು ಸಣ್ಣ ಟಿಕೇಟು. ಉಳಿಯುವುದು ಪ್ರಯಾಣ, ವಸತಿ, ಊಟ ಮಾತ್ರ. ಮನೆಯಿಂದ ಅವಲಕ್ಕಿ, ಚಕ್ಕುಲಿ, ನೀರಿನ ಬಾಟಲಿ ಒಯ್ದರೆ ದಾರಿಯ ಅಂಗಡಿಯ ಖರ್ಚೂ ತಪ್ಪುತ್ತದೆ.

ಹತ್ತು ವರ್ಷ ದಾಟಿದ ಮಗುವಿದ್ದರೆ ಒಂದು ಪುಸ್ತಕ ಕೊಟ್ಟು ಪ್ರವಾಸದ ಜಮಾಖರ್ಚು ಬರೆಯಲು ಅದಕ್ಕೇ ಒಪ್ಪಿಸಿ. ದಿನದ ಮಿತಿ ಮೊದಲೇ ಹೇಳಿಬಿಡಿ. ಹಟ ಮಾಡುವ ಮಗು ತಾನೇ ಲೆಕ್ಕ ಬರೆಯುವಾಗ ಆಟಿಕೆ ಅಂಗಡಿಯೆದುರು ಎರಡು ಸಲ ಯೋಚಿಸುತ್ತದೆ.

ಹೊರಡುವ ಮುಂಚೆ ನಿಮ್ಮ ತೋಟಕ್ಕೆ ಬರುವ ಆ ಕಡೆಯ ಕುಟುಂಬದವರಿಗೆ ಒಂದು ಮಾತು ಹೇಳಿ ನೋಡಿ. “ನಮ್ಮೂರಿಗೆ ಬರ್ರಿ” ಎಂದು ಕರೆಯದವರು ವಿರಳ. ಕರೆದರೆ ಹೋಗಿ, ಅವರ ಮನೆಯ ರೊಟ್ಟಿ ಉಣ್ಣಿ. ಮುಂದಿನ ಕೊಯ್ಲಿಗೆ ಅವರು ಬಂದಾಗ ನಿಮ್ಮ ಮಕ್ಕಳು ಅವರನ್ನು ಹೆಸರು ಹಿಡಿದು ಅಕ್ಕ, ಅಣ್ಣ ಎಂದು ಕರೆದಾರು.

ಹೋಗಿ ಬಂದ ಮಕ್ಕಳು ಕಂಡದ್ದನ್ನು ಒಂದು ಪುಟದಲ್ಲಿ ಬರೆದು ಸಂಘದ ಕಚೇರಿಗೆ ಕಳಿಸಲಿ, ಜಮಾಖರ್ಚಿನ ಪುಟವನ್ನೂ ಜೊತೆಗಿಡಲಿ. ಸ್ಥಳ ಇರುವಷ್ಟನ್ನು ಈ ಪತ್ರಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ.