ಒಂದು ವಿಮಾನ, ಎರಡು ಸಂಖ್ಯೆ: ಸಂಕೇತ-ಹಂಚಿಕೆಯೂ ಹಾಸನದ ಪ್ರಯಾಣಿಕನೂ

ಹಾಸನದ ಸಮೀಪದಲ್ಲಿರುವ ಬೂವನಹಳ್ಳಿಯ ಹೆಸರು ವಿಮಾನಯಾನದ ಪ್ರಸ್ತಾಪ ಬಂದಾಗಲೆಲ್ಲ ಜಿಲ್ಲೆಯ ಜನರ ಬಾಯಲ್ಲಿ ಬರುತ್ತದೆ. 1990ರ ದಶಕದಲ್ಲಿಯೇ ಅಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದಿತು. ಅನಂತರ ಕೆಲಸ ನಿಂತಿತು, ಖಾಸಗಿ ಸಹಭಾಗಿತ್ವದ ಮಾತು ನಡೆಯಿತು, ಅದೂ ಫಲಿಸಲಿಲ್ಲ. 2021ರಲ್ಲಿ ರಾಜ್ಯ ಸರ್ಕಾರವು ಕಾಮಗಾರಿಯನ್ನು ಪುನಃ ಕೈಗೆತ್ತಿಕೊಂಡಿತು. ಈ ದೀರ್ಘಾವಧಿಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಅದೆಷ್ಟೋ ಮನೆಗಳ ಮಕ್ಕಳು ವಿದೇಶಗಳಿಗೆ ಹೋಗಿ ನೆಲೆಸಿದರು. ಅವರನ್ನು ನೋಡಲು ಹೊರಡುವ ತಂದೆತಾಯಿಗಳು ಮಾತ್ರ ರಾತ್ರಿ ಬಸ್ಸನ್ನೋ ರೈಲನ್ನೋ ಹಿಡಿದು ಬೆಂಗಳೂರಿಗೆ ಬಂದು, ಊರನ್ನು ಪೂರ್ತಿಯಾಗಿ ದಾಟಿ, ದೇವನಹಳ್ಳಿಯ ನಿಲ್ದಾಣವನ್ನು ಸೇರುತ್ತ ಬಂದಿದ್ದಾರೆ. ಅವರ ಕೈಯಲ್ಲಿರುವ ಟಿಕೀಟನ್ನು ಒಮ್ಮೆ ಸಾವಧಾನವಾಗಿ ಓದಿನೋಡಿದರೆ ಪ್ರಕೃತ ಲೇಖನದ ವಿಷಯವು ತಾನಾಗಿಯೇ ಎದುರಾಗುತ್ತದೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಷಿಕಾಗೊ ನಗರಕ್ಕೆ ಹೋಗುವ ಒಂದು ಟಿಕೀಟನ್ನು ಊಹಿಸೋಣ. ಅದರ ಮೇಲೆ ಅಮೆರಿಕದ ಯುನೈಟೆಡ್ ಕಂಪನಿಯ ಸಂಕೇತವಾದ ‘ಯುಎ’ ಎಂಬ ಅಕ್ಷರಗಳೂ ನಾಲ್ಕಂಕಿಯ ಒಂದು ಸಂಖ್ಯೆಯೂ ಅಚ್ಚಾಗಿರಬಹುದು. ಪ್ರಯಾಣಿಕನು ನಿಲ್ದಾಣದಲ್ಲಿ ಯುನೈಟೆಡ್ ಕಂಪನಿಯ ಮೇಜನ್ನು ಹುಡುಕುತ್ತ ಅಲೆಯುತ್ತಾನೆ, ಮೇಜು ಸಿಕ್ಕುವುದಿಲ್ಲ. ಏಕೆಂದರೆ ಆ ವಿಮಾನವು ಜರ್ಮನಿಯ ಲುಫ್ಥಾನ್ಸಾ ಕಂಪನಿಯದು. ಚಾಲಕರೂ ಪರಿಚಾರಕರೂ ಊಟವೂ ಲುಫ್ಥಾನ್ಸಾದವೇ. ಟಿಕೀಟಿನ ಕೆಳಗಡೆ ಸಣ್ಣ ಅಕ್ಷರಗಳಲ್ಲಿ ಹಾರಿಸುವವರು ಯಾರೆಂಬುದನ್ನು ಬರೆದಿರುತ್ತದೆ. ಅದನ್ನು ಓದುವವರು ವಿರಳ. ಒಂದು ಕಂಪನಿಯು ಹಾರಿಸುವ ವಿಮಾನದಲ್ಲಿನ ಆಸನಗಳನ್ನು ಇನ್ನೊಂದು ಕಂಪನಿಯು ತನ್ನ ಸಂಕೇತಾಕ್ಷರ ಮತ್ತು ಸಂಖ್ಯೆಗಳೊಡನೆ ತನ್ನದೇ ಎಂಬಂತೆ ಮಾರುವ ಈ ಏರ್ಪಾಡಿಗೆ ವ್ಯವಹಾರದಲ್ಲಿ ಕೋಡ್‌ಷೇರ್ ಎಂದು ಹೆಸರು. ಇಲ್ಲಿ ಅದನ್ನು ಸಂಕೇತ-ಹಂಚಿಕೆ ಎಂದು ಕರೆದಿದೆ. ಮಾರುವವನನ್ನು ಮಾರಾಟಗಾರ ಕಂಪನಿ ಎಂದೂ, ಹಾರಿಸುವವನನ್ನು ನಿರ್ವಾಹಕ ಕಂಪನಿ ಎಂದೂ ಹೇಳಬಹುದು. ಮುಂದಿನ ವಿವೇಚನೆಯೆಲ್ಲ ಈ ಎರಡು ಪಾತ್ರಗಳ ಭೇದವನ್ನೇ ಅವಲಂಬಿಸಿದೆ.

ಒಬ್ಬರ ಟಿಕೀಟನ್ನು ಇನ್ನೊಬ್ಬರು ಮಾನ್ಯಮಾಡುವುದು ಹೊಸದೇನೂ ಅಲ್ಲ. ರೈಲ್ವೆಯವರ ಔಟ್ ಏಜೆನ್ಸಿಗಳಲ್ಲಿ ಬಸ್ಸಿನ ಹಾದಿಗೂ ರೈಲಿನ ಹಾದಿಗೂ ಸೇರಿ ಒಂದೇ ಟಿಕೀಟು ಕೊಡುತ್ತಿದ್ದುದನ್ನು ಹಿರಿಯರು ಬಲ್ಲರು. 1945ರಲ್ಲಿ ಹವಾನಾದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘವು ವಿಮಾನ ಕಂಪನಿಗಳೊಳಗೂ ಇಂಥ ಪರಸ್ಪರ ಮಾನ್ಯತೆಯನ್ನು ರೂಢಿಗೊಳಿಸಿತು. ಆದರೆ ಅಲ್ಲಿ ಪ್ರತಿಯೊಂದು ಹಂತಕ್ಕೂ ಹಾರಿಸುವವನ ಹೆಸರೇ ಇರುತ್ತಿತ್ತು. ಹೆಸರನ್ನೇ ಬದಲಿಸುವ ಪದ್ಧತಿಯು ಬೆಳೆದದ್ದು ಗಣಕಯಂತ್ರಗಳ ಕಾಲದಲ್ಲಿ. ಏಜೆಂಟನು ನೋಡುವ ಪಟ್ಟಿಯಲ್ಲಿ, ಒಂದೇ ಕಂಪನಿಯ ಎರಡು ವಿಮಾನಗಳಿಂದ ಕೂಡಿದ ಪ್ರಯಾಣವು ಮೇಲುಗಡೆಯೂ, ಬೇರೆ ಬೇರೆ ಕಂಪನಿಗಳ ವಿಮಾನಗಳಿಂದ ಕೂಡಿದ್ದು ಕೆಳಗಡೆಯೂ ಬರುತ್ತಿದ್ದವು. ಕೆಳಗಿದ್ದುದನ್ನು ಕೊಳ್ಳುವವರು ಕಡಿಮೆ. ಎರಡೂ ಹಂತಗಳಿಗೆ ಒಂದೇ ಸಂಕೇತವನ್ನು ಅಂಟಿಸಿದೊಡನೆ ಪ್ರಯಾಣವು ಪಟ್ಟಿಯಲ್ಲಿ ಮೇಲೇರಿತು! ಒಂದು ಮಹಾವ್ಯವಸ್ಥೆಯ ಹುಟ್ಟಿಗೆ ಇಷ್ಟು ಅಲ್ಪವಾದ ಕಾರಣವೂ ಸೇರಿತ್ತೆಂಬುದು ಸ್ವಾರಸ್ಯವಾಗಿದೆ. 1997ರಲ್ಲಿ ಐದು ಕಂಪನಿಗಳು ಸೇರಿ ಸ್ಟಾರ್ ಅಲಯನ್ಸ್ ಎಂಬ ಕೂಟವನ್ನು ಕಟ್ಟಿದವು. 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಬಂದವು. ನಮ್ಮ ಏರ್ ಇಂಡಿಯಾ 2014ರ ಜುಲೈ ತಿಂಗಳಲ್ಲಿ ಮೊದಲನೆಯ ಕೂಟವನ್ನು ಸೇರಿತು.

ಈ ಏರ್ಪಾಡಿನಿಂದ ಪ್ರಯಾಣಿಕನಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರವು ಕೊಡುವ ಉತ್ತರ ಬಹು ಹಳೆಯದು. ಫ್ರಾನ್ಸಿನ ಕೂರ್ನೊ ಎಂಬ ಪಂಡಿತನು 1838ರಲ್ಲಿಯೇ ಹಿತ್ತಾಳೆಯ ಉದಾಹರಣೆಯನ್ನು ತೆಗೆದುಕೊಂಡನು. ತಾಮ್ರವೆಲ್ಲ ಒಬ್ಬನ ಕೈಯಲ್ಲಿ, ಸತುವೆಲ್ಲ ಇನ್ನೊಬ್ಬನ ಕೈಯಲ್ಲಿ ಇದ್ದು, ಇಬ್ಬರೂ ತಮ್ಮ ತಮ್ಮ ಲಾಭವನ್ನಷ್ಟೇ ನೋಡಿಕೊಂಡು ಬೆಲೆ ಕಟ್ಟಿದರೆ, ಎರಡೂ ಒಬ್ಬನ ಕೈಯಲ್ಲಿದ್ದಾಗಿನದಕ್ಕಿಂತ ಹಿತ್ತಾಳೆ ಹೆಚ್ಚು ತುಟ್ಟಿಯಾಗುತ್ತದೆ. ಪ್ರಯಾಣದ ಎರಡು ಹಂತಗಳು ತಾಮ್ರ ಸತುಗಳಿದ್ದಂತೆ. ಪೂರ್ಣ ಪ್ರಯಾಣದ ದರವು 120 ಆದಾಗ ಯಾರೂ ಹೊರಡುವುದಿಲ್ಲವೆಂದೂ, ದರವು ಒಂದೊಂದು ಇಳಿದಂತೆ ಒಬ್ಬೊಬ್ಬ ಪ್ರಯಾಣಿಕನು ಹೆಚ್ಚುವನೆಂದೂ, ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲವೆಂದೂ ಇಟ್ಟುಕೊಳ್ಳೋಣ. ಎರಡು ಕಂಪನಿಗಳು ಬೇರೆ ಬೇರೆಯಾಗಿ ದರ ಕಟ್ಟಿದರೆ ಒಂದೊಂದೂ 40ರಂತೆ ನಿಲ್ಲುತ್ತದೆ. ಒಟ್ಟು ದರ 80, ಪ್ರಯಾಣಿಕರು 40, ಆದಾಯ 3,200. ಕೂಡಿ ದರ ಕಟ್ಟಿದರೆ ಒಟ್ಟು ದರ 60, ಪ್ರಯಾಣಿಕರು 60, ಆದಾಯ 3,600. ಪ್ರಯಾಣಿಕನೂ ಕಂಪನಿಗಳೂ ಏಕಕಾಲದಲ್ಲಿ ಲಾಭ ಹೊಂದುವ ಇಂಥ ಪ್ರಸಂಗಗಳು ನಮ್ಮ ಶಾಸ್ತ್ರದಲ್ಲಿ ಹೆಚ್ಚಾಗಿಲ್ಲ. ವಿದ್ಯಾರ್ಥಿಗಳು ಲೆಕ್ಕವನ್ನು ಸ್ವತಃ ಮಾಡಿ ನೋಡಬೇಕು. ಬ್ರೂಕ್ನರ್ ಮತ್ತು ವೇಲನ್ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈತ್ರಿಯಿರುವ ಕಂಪನಿಗಳ ಜೋಡಿ-ಪ್ರಯಾಣದ ದರಗಳು ಮೈತ್ರಿಯಿಲ್ಲದವುಗಳ ದರಗಳಿಗಿಂತ ಸುಮಾರು ಶೇಕಡಾ 25ರಷ್ಟು ಕಡಿಮೆಯಾಗಿದ್ದವೆಂದು ಕಂಡುಬಂದಿತು.

ಆದರೆ ಇದಕ್ಕೆ ಎರಡು ಮಿತಿಗಳುಂಟು. ಸಂಕೇತವನ್ನು ಹಂಚಿಕೊಂಡ ಮಾತ್ರಕ್ಕೆ ದರವನ್ನು ಕೂಡಿ ಕಟ್ಟಿದಂತೆ ಆಗುವುದಿಲ್ಲ. ಅದಕ್ಕೆ ಆದಾಯವನ್ನೂ ಹಂಚಿಕೊಳ್ಳುವ ಒಪ್ಪಂದ ಬೇಕು, ಪೈಪೋಟಿಯ ಕಾಯಿದೆಯಿಂದ ವಿನಾಯಿತಿಯೂ ಬೇಕಾಗಬಹುದು. ಯುನೈಟೆಡ್ ಮತ್ತು ಲುಫ್ಥಾನ್ಸಾಗಳಿಗೆ ಅಮೆರಿಕದ ಸರ್ಕಾರವು 1996ರಲ್ಲಿ ಇಂಥ ವಿನಾಯಿತಿಯನ್ನು ಕೊಟ್ಟಿತು. ಎರಡನೆಯದಾಗಿ, ಎರಡು ಕಂಪನಿಗಳು ಒಂದೇ ಹಾದಿಯಲ್ಲಿ ಎದುರೆದುರಾಗಿ ಹಾರುತ್ತಿದ್ದಲ್ಲಿ ಅವು ತಾಮ್ರ ಸತುಗಳಲ್ಲ, ಎರಡು ತಾಮ್ರದ ಅಂಗಡಿಗಳು. ಅವು ಕೂಡಿದರೆ ದರವು ಏರುವ ಭಯವೇ ಹೆಚ್ಚು.

ದರದ ಮಾತು ಹೀಗಾಯಿತು. ಪ್ರಯಾಣದಲ್ಲಿ ತೊಂದರೆಯೊದಗಿದಾಗ ಹೊಣೆ ಯಾರದು? ಈ ಲೇಖಕನು ಒಮ್ಮೆ ಎರಡು ಸಂಖ್ಯೆಗಳ ಟಿಕೀಟಿನಲ್ಲಿ ಪ್ರಯಾಣಮಾಡಿದಾಗ ಪೆಟ್ಟಿಗೆಯು ಬಂದು ಸೇರಲಿಲ್ಲ. ಮಾರಿದವರು ಹಾರಿಸಿದವರನ್ನು ಕೇಳಿರೆಂದರು, ಹಾರಿಸಿದವರು ಮಾರಿದವರನ್ನು ಕೇಳಿರೆಂದರು. ನಡುವೆ ನಾಲ್ಕು ದಿನ ಒಂದೇ ಅಂಗಿಯಲ್ಲಿ ಕಳೆಯಬೇಕಾಯಿತು. ಆಗ ತಿಳಿಯದಿದ್ದ ಸಂಗತಿಯೇನೆಂದರೆ, ಇಬ್ಬರ ಉತ್ತರವೂ ಕಾನೂನಿಗೆ ಸಲ್ಲತಕ್ಕದ್ದಲ್ಲ. 1999ರ ಮಾಂಟ್ರಿಯಲ್ ಒಡಂಬಡಿಕೆಯು 2009ರಿಂದ ಭಾರತಕ್ಕೂ ಅನ್ವಯಿಸುತ್ತದೆ. ಅದರ 39ನೆಯ ವಿಧಿಯಿಂದ ಮುಂದಕ್ಕೆ ಕರಾರುಮಾಡಿದ ವಾಹಕ, ವಾಸ್ತವ ವಾಹಕ ಎಂಬ ಭೇದವನ್ನು ಹೇಳಿದೆ. ಕರಾರುಮಾಡಿದವನು ಪ್ರಯಾಣದ ಎಲ್ಲ ಹಂತಗಳಿಗೂ ಹೊಣೆ. ಹಾರಿಸಿದವನು ತಾನು ಹಾರಿಸಿದ ಹಂತಕ್ಕೆ ಹೊಣೆ. 42ನೆಯ ವಿಧಿಯ ಪ್ರಕಾರ ದೂರನ್ನು ಇಬ್ಬರಲ್ಲಿ ಯಾರಿಗೆ ಕೊಟ್ಟರೂ ಪರಿಣಾಮವು ಒಂದೇ. ಪೆಟ್ಟಿಗೆಯು ಹಾನಿಗೊಂಡಿದ್ದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿದ್ದರೆ ಕೈಸೇರಿದ 21 ದಿನಗಳೊಳಗೆ ಬರೆದು ಕೊಡಬೇಕು. ದಾವೆಗೆ 2 ವರ್ಷಗಳ ಅವಧಿಯುಂಟು.

ಎಲ್ಲ ಕಾಯಿದೆಗಳೂ ಇಷ್ಟು ಉದಾರವಾಗಿಲ್ಲ. ಐರೋಪ್ಯ ಒಕ್ಕೂಟದ 2004ರ ನಿಯಮವು ವಿಮಾನವು ರದ್ದಾದಾಗ ಕೊಡತಕ್ಕ ಪರಿಹಾರದ ಹೊಣೆಯನ್ನು ನಿರ್ವಾಹಕ ಕಂಪನಿಯ ಮೇಲೆ ಹೊರಿಸುತ್ತದೆ. ಹೊರಗಿನಿಂದ ಒಕ್ಕೂಟದೊಳಕ್ಕೆ ಬರುವ ಪ್ರಯಾಣಕ್ಕಾದರೆ, ಆ ನಿರ್ವಾಹಕನು ಒಕ್ಕೂಟದ ಕಂಪನಿಯೇ ಆಗಿರಬೇಕು. ದೆಹಲಿಯಿಂದ ಫ್ರಾಂಕ್‌ಫರ್ಟಿಗೆ ಏರ್ ಇಂಡಿಯಾ ವಿಮಾನಗಳೂ ಉಂಟು, ಲುಫ್ಥಾನ್ಸಾ ವಿಮಾನಗಳೂ ಉಂಟು. ಏರ್ ಇಂಡಿಯಾದ ಸಂಖ್ಯೆಯಿದ್ದು ಲುಫ್ಥಾನ್ಸಾ ಹಾರಿಸುವ ವಿಮಾನವಾದರೆ ಆ ನಿಯಮದ ರಕ್ಷೆಯಿದೆ. ಲುಫ್ಥಾನ್ಸಾದ ಸಂಖ್ಯೆಯಿದ್ದು ಏರ್ ಇಂಡಿಯಾ ಹಾರಿಸುವುದಾದರೆ ಇಲ್ಲ. ಟಿಕೀಟಿನ ದೊಡ್ಡಕ್ಷರಕ್ಕಿಂತ ಸಣ್ಣಕ್ಷರಕ್ಕೆ ಬೆಲೆ ಹೆಚ್ಚೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಇನ್ನೊಂದು ಸೂಚನೆ: ಹಿಂದಿರುಗುವಾಗ ದೆಹಲಿಯಲ್ಲೋ ಮುಂಬಯಿಯಲ್ಲೋ ಇಳಿದು ಬೆಂಗಳೂರಿಗೆ ಬರುವವರು, ಟಿಕೀಟು ಒಂದೇ ಆಗಿದ್ದರೂ, ಸಾಮಾನ್ಯವಾಗಿ ಮೊದಲು ಇಳಿದಲ್ಲಿಯೇ ಪೆಟ್ಟಿಗೆಯನ್ನು ಪಡೆದು ಸುಂಕದ ಕಟ್ಟೆಯನ್ನು ದಾಟಿ ಮರಳಿ ಒಪ್ಪಿಸಬೇಕಾಗುತ್ತದೆ. ವಯಸ್ಸಾದವರಿಗೆ ಇದನ್ನು ಮುಂಚಿತವಾಗಿ ಹೇಳಿ ಕಳುಹಿಸುವುದು ಲೇಸು.

ಇನ್ನು ಮೈಲಿಗಳ ವಿಚಾರ. ಪದೇ ಪದೇ ಪ್ರಯಾಣಮಾಡುವವನಿಗೆ ದೂರಕ್ಕೆ ತಕ್ಕಂತೆ ಅಂಕಗಳನ್ನು ಕೊಟ್ಟು, ಅವು ಕೂಡಿದಾಗ ಉಚಿತ ಟಿಕೀಟು ಕೊಡುವ ಪದ್ಧತಿಯನ್ನು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಆರಂಭಿಸಿತು. ಸಂಕೇತ-ಹಂಚಿಕೆ ಬಂದ ಮೇಲೆ ಒಂದು ಕಂಪನಿಯ ಖಾತೆಯಲ್ಲಿ ಇನ್ನೊಂದರ ವಿಮಾನದ ಮೈಲಿಗಳನ್ನು ಜಮಾ ಮಾಡಿಕೊಳ್ಳುವುದು ಸಾಧ್ಯವಾಯಿತು. ತೊಡಕು ಆರಂಭವಾಗುವುದೂ ಅಲ್ಲಿಯೇ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಿಗೆ ದೊರೆಯುವ ಮೈಲಿಗಳು ಬೇರೆ ಬೇರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಸುಮಾರು 4,600 ಮೈಲಿ. ಟಿಕೀಟಿನ ದರ್ಜೆಯನ್ನು ಸೂಚಿಸುವ ಒಂದು ಅಕ್ಷರವು ಪೂರ್ಣ ಜಮೆಗೆ ಅರ್ಹವಾದುದಾದರೆ 4,600. ಶೇಕಡಾ 25ಕ್ಕೆ ಮಾತ್ರ ಅರ್ಹವಾದುದಾದರೆ 1,150. ಕೆಲವು ಅಗ್ಗದ ಅಕ್ಷರಗಳಿಗೆ ಸೊನ್ನೆ. ಮಾರಾಟಗಾರನ ಅಕ್ಷರವೂ ನಿರ್ವಾಹಕನ ಅಕ್ಷರವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮೇಲಾಗಿ, 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್ ಕಂಪನಿಗಳು ತಮ್ಮ ಟಿಕೀಟುಗಳಿಗೆ ದೂರವನ್ನು ಬಿಟ್ಟು ತೆತ್ತ ಹಣವನ್ನೇ ಮೈಲಿಯ ಆಧಾರವನ್ನಾಗಿ ಮಾಡಿಕೊಂಡವು. ಹೆಸರು ಮೈಲಿಯೆಂದೇ ಉಳಿಯಿತು, ಅಳತೆಗೋಲು ಡಾಲರಾಯಿತು. ಆದಕಾರಣ ಅದೇ ಆಸನವನ್ನು ಯಾವ ಸಂಖ್ಯೆಯಲ್ಲಿ ಕೊಂಡರೆ ಯಾವ ಖಾತೆಗೆ ಎಷ್ಟು ಬರುವುದೆಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಹೋಗಿಬರುವ ತಾಯ್ತಂದೆಗಳಿಗೆ ನನ್ನ ಅಭಿಪ್ರಾಯದಲ್ಲಿ ಈ ಶ್ರಮವೇ ಬೇಡ. ಮೈಲಿಗಾಗಿ ಹೆಚ್ಚಿನ ದರ ಕೊಡುವುದು ಬೆಣ್ಣೆ ಮಾರಿ ಮಜ್ಜಿಗೆ ಕೊಂಡಂತೆ.

ಮೈಲಿಗಳೆಂದರೆ ಬ್ಯಾಂಕಿನಲ್ಲಿಟ್ಟ ಠೇವಣಿಯಲ್ಲ. ಇದಕ್ಕೆ ನಿದರ್ಶನವು ನಮ್ಮ ನಾಡಿನಲ್ಲಿಯೇ ಉಂಟು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಕಂಪನಿಯನ್ನು ಅಗ್ಗದ ದರವೊಂದನ್ನೇ ನೆಚ್ಚಿ ನಡೆಸಿದರು. ಅದು ಬೆಂಗಳೂರಿನ ಕಿಂಗ್‌ಫಿಷರ್ ಕಂಪನಿಯೊಳಗೆ ಲೀನವಾಗಿ 2008ರಲ್ಲಿ ಕಿಂಗ್‌ಫಿಷರ್ ರೆಡ್ ಎನಿಸಿತು. ಕಿಂಗ್‌ಫಿಷರ್ ಕಂಪನಿಗೆ ಕಿಂಗ್ ಕ್ಲಬ್ ಎಂಬ ಮೈಲಿ-ಯೋಜನೆಯಿತ್ತು. 2012ರ ಫೆಬ್ರವರಿಯಲ್ಲಿ ಅದು ಒನ್‌ವರ್ಲ್ಡ್ ಕೂಟವನ್ನು ಸೇರಬೇಕಾಗಿದ್ದು, ಕಡೆಯ ಗಳಿಗೆಯಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಅದೇ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ಸದಸ್ಯರ ಖಾತೆಗಳಲ್ಲಿ ಅಂಕೆಗಳಿದ್ದವು, ಹತ್ತಲು ವಿಮಾನವಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗಲಾದರೋ ಸಂಗತಿ ಬೇರೆಯಾಯಿತು. ಅದರ ಮೈಲಿ-ಯೋಜನೆಯು ಪ್ರತ್ಯೇಕ ಕಂಪನಿಯಾಗಿ, ಅಧಿಕ ಪಾಲು ಎತಿಹಾದ್ ಸಂಸ್ಥೆಯ ಕೈಯಲ್ಲಿದ್ದುದರಿಂದ, ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರಾ ಕಂಪನಿಯು 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ಸೇರಿದಾಗ ಅದರ ಸದಸ್ಯರ ಅಂಕಗಳು ಏರ್ ಇಂಡಿಯಾದ ಯೋಜನೆಗೆ ವರ್ಗವಾದವು. ಕಂಪನಿಯು ಸಾಯುವುದಕ್ಕೂ ಮತ್ತೊಂದರಲ್ಲಿ ಸೇರುವುದಕ್ಕೂ ಪ್ರಯಾಣಿಕನ ಪಾಲಿಗೆ ಇಷ್ಟು ಅಂತರ.

ಮತ್ತೆ ಬೂವನಹಳ್ಳಿಗೆ ಬರೋಣ. ಅಲ್ಲಿಂದ ಬೆಂಗಳೂರಿಗೆ ಎಪ್ಪತ್ತು ಆಸನಗಳ ಒಂದು ಎಟಿಆರ್ ವಿಮಾನ ಹಾರತೊಡಗಿತೆಂದು ಭಾವಿಸೋಣ. 2023ರ ಆಗಸ್ಟಿನಿಂದ ಶಿವಮೊಗ್ಗಕ್ಕೆ ಬಂದದ್ದು ಇಂಥದೇ. ಬೆಂಗಳೂರಿನಲ್ಲಿಯೇ ಕೆಲಸವಿರುವವನು ಅದನ್ನು ಹತ್ತುವುದು ಅಪರೂಪ. ದೇವನಹಳ್ಳಿಯಲ್ಲಿ ಇಳಿದು ನಗರಕ್ಕೆ ಬರುವಷ್ಟರಲ್ಲಿ ಹಾಸನದಿಂದ ಹೊರಟ ಕಾರು ನೆಲಮಂಗಲವನ್ನು ದಾಟಿರುತ್ತದೆ. ಆ ಆಸನಗಳು ತುಂಬಬೇಕಾದರೆ ಬೆಂಗಳೂರಿನಿಂದ ಮುಂದಕ್ಕೆ ಹೋಗುವವರೇ ಬರಬೇಕು. ಅವರು ಬರಬೇಕಾದರೆ ಹಾಸನದಿಂದ ಷಿಕಾಗೊ ನಗರದವರೆಗೆ ಒಂದೇ ಟಿಕೀಟು, ಪೆಟ್ಟಿಗೆಗೆ ಒಂದೇ ಚೀಟಿ, ಮೊದಲ ಹಂತ ತಡವಾದರೆ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ, ಇವು ಬೇಕು. ಎಂದರೆ ಬೂವನಹಳ್ಳಿಯ ಓಟದ ಹಾದಿಗೆ ಡಾಂಬರು ಎಷ್ಟು ಅವಶ್ಯವೋ ಸಂಕೇತ-ಹಂಚಿಕೆಯೂ ಅಷ್ಟೇ ಅವಶ್ಯ. ಇದನ್ನು ಕಳೆದುಕೊಳ್ಳುವುದೂ ಸುಲಭ. ಸಣ್ಣ ಊರುಗಳಿಗೆ ಹಾರುವ ಅಲಯನ್ಸ್ ಏರ್ ಕಂಪನಿಯ ಟಿಕೀಟುಗಳು ಏರ್ ಇಂಡಿಯಾದ ವ್ಯವಸ್ಥೆಯಲ್ಲಿಯೇ ದೊರೆಯುತ್ತಿದ್ದವು. ಏರ್ ಇಂಡಿಯಾ ಖಾಸಗಿಯವರಿಗೆ ಹೋಗಿ ಅಲಯನ್ಸ್ ಏರ್ ಸರ್ಕಾರದಲ್ಲಿಯೇ ಉಳಿದ ಮೇಲೆ, 2022ರ ಏಪ್ರಿಲ್‌ನಿಂದ ಎರಡರ ಟಿಕೀಟು ವ್ಯವಸ್ಥೆಗಳು ಬೇರ್ಪಟ್ಟವು.

ಸಂಖ್ಯೆಯನ್ನು ಹೊರಲು ವಿಮಾನವೇ ಬೇಕೆಂದೇನೂ ಇಲ್ಲ. ಕೊಲೋನ್ ನಗರದಿಂದ ಫ್ರಾಂಕ್‌ಫರ್ಟ್ ನಿಲ್ದಾಣಕ್ಕೆ ಓಡುವ ರೈಲುಗಳು ಲುಫ್ಥಾನ್ಸಾದ ಸಂಖ್ಯೆಯನ್ನು ಹೊತ್ತಿವೆ. ರೈಲು ತಡವಾದರೆ ಪ್ರಯಾಣಿಕನು ವಿಮಾನ ತಪ್ಪಿಸಿಕೊಂಡವನೆನಿಸುವುದಿಲ್ಲ, ಮುಂದಿನ ವಿಮಾನಕ್ಕೆ ಕಳುಹಿಸಿಕೊಡುವ ಹೊಣೆ ಕಂಪನಿಯದು. ಮೈಸೂರಿನಿಂದ ದೇವನಹಳ್ಳಿಗೆ ನಮ್ಮ ಸಾರಿಗೆ ನಿಗಮದ ಫ್ಲೈಬಸ್ ಉಂಟು. ಅದರ ಟಿಕೀಟಿಗೂ ವಿಮಾನದ ಟಿಕೀಟಿಗೂ ಕಾನೂನಿನ ನಂಟಿಲ್ಲ. ಹಾಸನದಿಂದ ಹೊರಡುವ ಒಂದು ಬಸ್ಸಿಗೆ ಯಾವುದಾದರೂ ವಿಮಾನ ಕಂಪನಿಯ ಎರಡು ಅಕ್ಷರಗಳೂ ನಾಲ್ಕು ಅಂಕಿಗಳೂ ದೊರೆತರೆ, ಗೊರಗುಂಟೆಪಾಳ್ಯದ ವಾಹನಸಂದಣಿಯಲ್ಲಿ ಸಿಕ್ಕಿಬಿದ್ದ ಅರಕಲಗೂಡಿನ ದಂಪತಿಗಳು ಗಡಿಯಾರವನ್ನು ನೋಡುತ್ತ ಕುಳಿತುಕೊಳ್ಳಬೇಕಾಗಿಲ್ಲ. ಓಟದ ಹಾದಿಗೆ ತಗಲುವ ಕೋಟಿಗಳ ಮುಂದೆ ಇದರ ವೆಚ್ಚ ಅತ್ಯಲ್ಪ.